ಮಂದಿ ನೋಡಾಕತ್ತಾರ

ಸ್ಪೇನ್ ದೇಶಕ್ಕೆ ಹೋಗಿಬರಲು ಬೈಲಹೊಂಗಲದವರಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ಮಗನೋ ಅಳಿಯನೋ ಇದ್ದರೆ ಸಾಕು. ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಧಾರವಾಡ ಸೇರಿ ರೈಲು ಹತ್ತಿದರೆ ಶನಿವಾರ ಮಧ್ಯಾಹ್ನ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಸ್ಪೇನು ಸಿಗುತ್ತದೆ. ಸೋಮವಾರ ಮುಂಜಾನೆ ಹತ್ತಿ ದರ ಕೇಳಲು ಎಪಿಎಂಸಿಯಲ್ಲಿ ಹಾಜರಿರಬಹುದು.

ಧಾರವಾಡದ ತನಕ ಬಸ್ಸೇಕೆ ಎಂದು ಹೊರಗಿನವರು ಕೇಳಿಯಾರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಊರಿಗೆ ರೈಲಿಲ್ಲ. ರಾಣಿ ಚೆನ್ನಮ್ಮನ ಹೆಸರಿನ ಎಕ್ಸ್‌ಪ್ರೆಸ್ ಇದೆ. ಅದು ಆಕೆ ಆಳಿದ ಕಿತ್ತೂರನ್ನೂ ಮುಟ್ಟುವುದಿಲ್ಲ, ಸೆರೆಯಲ್ಲಿದ್ದು 1829ರಲ್ಲಿ ಕಣ್ಣುಮುಚ್ಚಿದ ಬೈಲಹೊಂಗಲವನ್ನೂ ಮುಟ್ಟುವುದಿಲ್ಲ. ಅಳ್ನಾವರ, ಲೋಂಡಾ ಸುತ್ತಿ ಬೆಳಗಾವಿ ಸೇರುತ್ತದೆ. 2021ರಲ್ಲಿ ಸರಕಾರ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟಿತು. ಅದೇ ವರ್ಷ ಸ್ಪೇನಿನ ವಾಲೆನ್ಸಿಯಾ ಸರಕಾರ ತಮ್ಮೂರಿನ ಪಯೆಯಾ ಎಂಬ ಅನ್ನದಡುಗೆಯನ್ನು ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಅವರು ಒಲೆಗೆ ಮರ್ಯಾದೆ ಕೊಟ್ಟರು, ನಾವು ಬೋರ್ಡು ಬರೆಸಿದೆವು.

ಇನ್ನು ಬೆಂಗಳೂರಿನ ಆ ಸ್ಪ್ಯಾನಿಷ್ ಹೋಟೆಲಿನ ಊಟದ ಮೇಜಿಗೆ ಬರೋಣ. ಬೈಲಹೊಂಗಲದ ಹತ್ತಿ ವ್ಯಾಪಾರದ ಕಾಕಾ, ರಾಮದುರ್ಗದ ಅತ್ತಿ, ಸವದತ್ತಿಯ ದೋಸ್ತ, ಕಿತ್ತೂರಿನ ನಿವೃತ್ತ ಮಾಸ್ತರು, ಅವರವರ ಮಕ್ಕಳು ಮರಿ. ಕರೆತಂದವನು ಕಾಕಾನ ಅಣ್ಣನ ಮಗ. ಎಲ್ಲರೂ ಲಿಂಗಾಯತರು. ಸ್ಪೇನಿನ ಅಡುಗೆಮನೆಯಲ್ಲಿ ಹಂದಿಯ ತೊಡೆ ಸೂರಿನಿಂದ ಜೋತುಬಿದ್ದಿರುತ್ತದೆ ಎಂಬ ಸಂಗತಿಯನ್ನು ಹುಡುಗ ಹಿರಿಯರಿಗೆ ಹೇಳಿರಲಿಲ್ಲ. ಮೆನುವಿನಲ್ಲಿ ಹಸಿರು ಚುಕ್ಕೆ ಇದ್ದವನ್ನಷ್ಟೇ ತರಿಸಿದ.

ಮೊದಲು ಬಂದದ್ದು ಗಾಸ್ಪಾಚೊ. ಟೊಮೆಟೊ, ಸವತಿಕಾಯಿ, ಬಳ್ಳೊಳ್ಳಿ, ಬ್ರೆಡ್ಡು, ಆಲಿವ್ ಎಣ್ಣೆ ಹಾಕಿ ರುಬ್ಬಿದ ತಣ್ಣನೆ ಸೂಪು. ಕಾಕಾ ಒಂದು ಚಮಚ ಬಾಯಿಗಿಟ್ಟು ವೇಟರನ ಕಡೆ ತಿರುಗಿದ.

‘ತಮ್ಮಾ, ಸಾರು ಆರೇತಿ. ಒಂದೀಟ ಬಿಸಿ ಮಾಡ್ಕೊಂಡ ಬಾ. ಒಗ್ಗರಣಿನೂ ಮರತಾರ ನೋಡ.’

‘ಕಾಕಾ, ಸುಮ್ಮನಿರ್ರಿ. ಮಂದಿ ನೋಡಾಕತ್ತಾರ’ ಎಂದ ಹುಡುಗ.

ಆಮೇಲೆ ತಾಪಾಸ್. ಅಂದರೆ ಸಣ್ಣ ಸಣ್ಣ ಬಟ್ಟಲು, ಎಲ್ಲರೂ ಹಂಚಿಕೊಂಡು ತಿನ್ನಬೇಕಾದದ್ದು. ಪತಾತಾಸ್ ಬ್ರಾವಾಸ್ ಎಂಬ ಬಟ್ಟಲಲ್ಲಿ ಕೆಂಪು ಸಾಸು ಸುರಿದ ಬಟಾಟಿ ಹೋಳು. ಅತ್ತಿ ಎಣಿಸಿದಳು. ‘ಇಷ್ಟ ಮಂದಿಗೆ ಇಷ್ಟ ಹೋಳ? ಚೀಟಿ ಎತ್ತೂಣೇನ?’ ಎನ್ನುತ್ತ ಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದಳು. ‘ಅತ್ತೀ, ಒಳಗ ಇಡ್ರಿ. ಮಂದಿ ನೋಡಾಕತ್ತಾರ.’

ಕೊನೆಗೆ ಬಂತು ಪಯೆಯಾ, ಅಗಲವಾದ ಕಬ್ಬಿಣದ ಬಾಣಲೆಯ ಸಮೇತ. ವಾಲೆನ್ಸಿಯಾದವರು ಇದಕ್ಕೆ ಕೋಳಿ, ಮೊಲ, ಅವರೆಯಂಥ ಕಾಳು, ಕೆಲವೊಮ್ಮೆ ಬಸವನಹುಳು ಹಾಕುತ್ತಾರೆ. ಅದರಿಂದ ಕೋಳಿ, ಮೊಲ, ಬಸವನಹುಳು ತೆಗೆದರೆ ಉಳಿಯುವುದು ನಮ್ಮ ಕಡೆಯ ಮದುವೆ ಅಡುಗೆಯವನ ಪಲಾವು. ಅದೂ ಖಾರವಿಲ್ಲದ್ದು. ಬಾಣಲೆಯ ತಳಕ್ಕೆ ಹತ್ತಿ ಗರಿಗರಿಯಾದ ಅನ್ನವೇ ಅದರ ಶ್ರೇಷ್ಠ ಭಾಗವೆಂದು ಹುಡುಗ ವಿವರಿಸಿದ. ಅತ್ತಿಯ ಮುಖ ಅರಳಿತು. ‘ನಮ್ಮ ಮನ್ಯಾಗ ತಳಾ ಹತ್ತಿಸಿದ್ರ ಸೊಸಿಗಿ ಬೈತಿದ್ನೆಪಾ. ಪಾಪ, ಆಕಿ ಸ್ಪೇನದ ಅಡಗಿ ಮಾಡತಿದ್ಳು.’

ಈ ಸ್ಪೇನಿನ ಹುಚ್ಚು ನಮಗೆ ಹತ್ತಿದ್ದರಲ್ಲಿ ಸಿನಿಮಾದ ಪಾಲು ದೊಡ್ಡದು. 2011ರ ‘ಜಿಂದಗಿ ನಾ ಮಿಲೇಗಿ ದೊಬಾರಾ’ ನೋಡಿದವರೆಲ್ಲ ಟೊಮೆಟೊ ಎರಚಾಡುವ ಬುನ್ಯೋಲ್ ಊರಿನ ಹಬ್ಬಕ್ಕೆ ಮರುಳಾದರು. ಅದೇ ವರ್ಷ ಬೆಂಗಳೂರು, ಮೈಸೂರುಗಳಲ್ಲೂ ಅಂಥದೇ ಎರಚಾಟಕ್ಕೆ ತಯಾರಿ ನಡೆದು, ಟೊಮೆಟೊ ಹಾಳು ಮಾಡಲು ಬಿಡಕೂಡದೆಂದು ಮುಖ್ಯಮಂತ್ರಿ ಸದಾನಂದಗೌಡರು ಪೊಲೀಸರಿಗೆ ಹೇಳಬೇಕಾಯಿತು. ನ್ಯಾಯವಾದ ಮಾತು. ಟೊಮೆಟೊ ಎಸೆಯುವ ಹಕ್ಕು ನಮ್ಮಲ್ಲಿ ರೈತನೊಬ್ಬನಿಗೇ ಮೀಸಲು. ದರ ಬಿದ್ದಾಗ ಅವನು ಟ್ರ್ಯಾಕ್ಟರ್‌ಗಟ್ಟಲೆ ರಸ್ತೆಗೆ ಸುರಿಯುತ್ತಾನೆ. ಆ ಹಬ್ಬಕ್ಕೆ ಟಿಕೀಟಿಲ್ಲ, ಸೆಲ್ಫಿಗೆ ಯಾರೂ ಬರುವುದಿಲ್ಲ.

ಹಾಗೆ ನೋಡಿದರೆ ಸ್ಪೇನನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ಅಗತ್ಯವೇ ಇರಲಿಲ್ಲ. ಮೆಣಸಿನಕಾಯಿ, ಟೊಮೆಟೊ, ಬಟಾಟಿ, ಶೇಂಗಾ, ಗೋವಿನಜೋಳ ಇವೆಲ್ಲ ಮೂಲದಲ್ಲಿ ಅಮೆರಿಕ ಖಂಡದವು. ಇಂಡಿಯಾದ ದಾರಿ ಹುಡುಕಲು 1492ರಲ್ಲಿ ಸ್ಪೇನಿನ ರಾಣಿ ಕೊಲಂಬಸನನ್ನು ಕಳಿಸಿದಳು. ಅವನು ಇಂಡಿಯಾ ಮುಟ್ಟಲಿಲ್ಲ, ಮೆಣಸಿನಕಾಯಿ ಮುಟ್ಟಿತು. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ಇಳಿಸಿದರು. ಅತ್ತಿಯ ಡಬ್ಬಿಯೊಳಗಿನ ಶೇಂಗಾವೂ ಖಾರವೂ ಸಮುದ್ರ ದಾಟಿ ಬಂದವೇ. ಆ ಮೇಜಿನ ಮೇಲೆ ಮಂದಿಗೆ ಹೆದರಿ ಮುಚ್ಚಿಟ್ಟದ್ದು ಅದೊಂದನ್ನೇ.

ಹಂಚಿಕೊಂಡು ತಿನ್ನುವುದನ್ನು ಸ್ಪೇನಿನವರು ಕಲಿಸಬೇಕಾಗಿ ಬಂದದ್ದು ಇನ್ನೂ ದೊಡ್ಡ ಚೋದ್ಯ. ಸೀಗಿ ಹುಣ್ಣಿವಿಗೆ, ಎಳ್ಳ ಅಮಾಸಿಗೆ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಿದ್ದ ಸೀಮೆ ಇದು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ, ಬೆಳೆಗೆ ಎಡೆ, ಆಮೇಲೆ ಬುತ್ತಿ ಬಿಚ್ಚುವುದು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು, ಗುರೆಳ್ಳು ಚಟ್ನಿ. ಯಾರ ಬುತ್ತಿ ಯಾರ ಗಂಗಾಳಕ್ಕೋ. ದಾರಿಯಲ್ಲಿ ಹೋಗುವವನನ್ನೂ ಕೂಗಿ ಕರೆದು ಕೂಡಿಸುತ್ತಿದ್ದರು. ಅವನು ಟೇಬಲ್ ಬುಕ್ ಮಾಡಿರಬೇಕಿರಲಿಲ್ಲ. ಭಾರತ ಹುಣ್ಣಿವಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಈಗಲೂ ಸಾವಿರಾರು ಕುಟುಂಬಗಳು ಕಲ್ಲೊಲೆ ಹೂಡಿ, ಹೋಳಿಗೆ ಮಾಡಿ, ಪಡಲಗಿ ತುಂಬಿಸಿ ಒಟ್ಟಿಗೆ ಉಣ್ಣುತ್ತವೆ. ಅದೇ ಸವದತ್ತಿಯ ದೋಸ್ತ ಬೆಂಗಳೂರಿನಲ್ಲಿ ಹೇಳುವುದು ಒಂದೇ ಮಾತು: ‘ನಮ್ಮೂರಾಗ ಏನೈತಿ, ಬರೇ ಧೂಳ.’ ಕಾಕಾ ಕೂಡ ಕಮ್ಮಿಯಿಲ್ಲ. ಬೀಗರು ಬಂದರೆ ಚೆನ್ನಮ್ಮನ ಸಮಾಧಿ ತೋರಿಸುವುದಿಲ್ಲ, ಹೊಸ ಬಾಥ್‌ರೂಮು ತೋರಿಸುತ್ತಾನೆ. ಹೊಲ ಲಾವಣಿಗೆ ಹೋಗಿದೆ, ಎತ್ತು ಮಾರಿಯಾಗಿದೆ. ಚರಗಕ್ಕೆ ರಜೆ ಸಿಗದ ಮಗನಿಗೆ ಸ್ಪೇನಿಗೆ ಮಾತ್ರ ಶನಿವಾರವಿದೆ.

ಅನುಕರಿಸುವುದಾದರೆ ಪೂರ್ತಿ ಅನುಕರಿಸಬೇಕು. ವಾಲೆನ್ಸಿಯಾದ ಮನೆಗಳಲ್ಲಿ ಪಯೆಯಾ ಭಾನುವಾರ ಮಧ್ಯಾಹ್ನದ ಊಟ. ಬಯಲಲ್ಲಿ ಕಿತ್ತಳೆ ಕಟ್ಟಿಗೆ ಉರಿಸಿ, ಬಾಣಲೆಯ ಸುತ್ತ ಬಂಧುಬಳಗ ಕೂತು, ಒಂದೇ ಪಾತ್ರೆಗೆ ಚಮಚ ಹಾಕಿ ತಿನ್ನುವುದು ಅಲ್ಲಿನ ರೂಢಿ. ಅವರು ಭಾನುವಾರ ಬಂತೆಂದು ಬೈಲಹೊಂಗಲಕ್ಕೆ ಬಂದು ‘ಒಂದ್ ಪ್ಲೇಟ್ ಪುಂಡಿಪಲ್ಯ’ ಎನ್ನುವುದಿಲ್ಲ. ತಮ್ಮೂರಲ್ಲಿ ತಮ್ಮ ಊಟ ಮಾಡಲು ಅವರಿಗೆ ನಾಚಿಕೆಯಿಲ್ಲ. ಆ ಒಂದು ಪದಾರ್ಥವನ್ನು ಬಿಟ್ಟು ಮಿಕ್ಕೆಲ್ಲವನ್ನೂ ಬೆಂಗಳೂರು ಆಮದು ಮಾಡಿಕೊಂಡಿದೆ.

ಬಿಲ್ಲು ಬಂತು. ಅಡಿಯಲ್ಲಿ ಸರ್ವಿಸ್ ಚಾರ್ಜು ಶೇಕಡಾ 10. ಕೇಳದೆ ಇದನ್ನು ಬಿಲ್ಲಿಗೆ ಸೇರಿಸಕೂಡದೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟೂ ಎತ್ತಿಹಿಡಿದಿದೆ. ಪೇಪರು ತಪ್ಪದೆ ಓದುವ ಮಾಸ್ತರು ಇದನ್ನು ಹೇಳಲು ಬಾಯಿ ತೆರೆದರು. ಚೆನ್ನಮ್ಮನ ದತ್ತುಮಗನನ್ನು ಒಪ್ಪದ ಈಸ್ಟ್ ಇಂಡಿಯಾ ಕಂಪನಿಗೆ ಸಡ್ಡು ಹೊಡೆದು 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆಯನ್ನೇ ಕೆಡವಿದ ಊರಿನವರು ಅವರು. ಹುಡುಗ ಕಣ್ಣಲ್ಲೇ ತಡೆದ. ಮಾಸ್ತರು ಬಾಯಿ ಮುಚ್ಚಿದರು, ಕಾಕಾ ಕಾರ್ಡು ಕೊಟ್ಟ.

ದುಬಾರಿಯೇನಲ್ಲ ಬಿಡಿ. ಆ ಶೇಕಡಾ 10 ಊಟ ಬಡಿಸಿದ್ದಕ್ಕಲ್ಲ. ನಾವು ಯಾವ ಊರಿನವರೆಂದು ಎರಡು ತಾಸು ಯಾರಿಗೂ ಗೊತ್ತಾಗದಂತೆ ನೋಡಿಕೊಂಡದ್ದಕ್ಕೆ.