ಕಾಲುಚೀಲ ತೊಟ್ಟ ಸೀಸೆ: ಒಂದು ಪ್ರಮಾಣವಿಚಾರ

ಜ್ಞಾನವು ಯಾವ ಯಾವ ದ್ವಾರಗಳಿಂದ ಮನುಷ್ಯನನ್ನು ಪ್ರವೇಶಿಸುತ್ತದೆಂಬ ವಿಷಯದಲ್ಲಿ ನಮ್ಮ ದಾರ್ಶನಿಕರು ಶತಮಾನಗಟ್ಟಲೆ ವಾದಿಸಿ, ಚಾರ್ವಾಕನು ಒಂದೇ ಪ್ರಮಾಣಕ್ಕೂ, ನೈಯಾಯಿಕರು ನಾಲ್ಕಕ್ಕೂ, ಭಾಟ್ಟ ಮೀಮಾಂಸಕರು ಆರಕ್ಕೂ ನಿಂತರೆಂಬುದು ಸರ್ವವಿದಿತವಾಗಿದ್ದರೂ, ಆ ಮಹನೀಯರಲ್ಲಿ ಒಬ್ಬರಾದರೂ ಫ್ರಾನ್ಸ್ ದೇಶದ ಲಿಯೋಂ ಪಟ್ಟಣದಲ್ಲಿ ಶನಿವಾರ ಸಂಜೆ ಐದಾರು ಮಂದಿ ಮಿತ್ರರು ಮೇಜಿನ ಸುತ್ತ ಕುಳಿತು, ಹೆಸರು ಮರೆಮಾಡಿದ ತೆಳುಗೆಂಪು ವೈನುಗಳನ್ನು ರುಚಿನೋಡಿ ಗುರುತಿಸಲೆಳಸುವ ಗೋಷ್ಠಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳದೆ ಹೋದದ್ದು ಶಾಸ್ತ್ರಕ್ಕೆ ಒದಗಿದ ನಷ್ಟವೆಂದೇ ಹೇಳಬೇಕು. ಆ ನಷ್ಟವನ್ನು ತುಂಬಿಕೊಡುವುದೇ ಈ ಪ್ರಬಂಧದ ಪ್ರಯೋಜನ. ಇದಕ್ಕೆ ಅಧಿಕಾರಿ ಯಾರೆಂದರೆ, ಬಾಯಾರಿದವನು.

ಮೊದಲು ಲಕ್ಷಣ. ಬಟ್ಟಲಿನ ಹಿಂದೆ ವೃತ್ತಪತ್ರಿಕೆಯನ್ನು ಹಿಡಿದರೆ ಅಕ್ಷರ ಓದಬರುವಷ್ಟು ತಿಳಿಯಾದ ಬಣ್ಣವೂ, ಅಲ್ಪವಾದ ಒಗರೂ, ಶೇಕಡ 12-13ರ ಆಸುಪಾಸಿನ ಮದ್ಯಸಾರವೂ ಉಳ್ಳದ್ದಾಗಿ, 12ರಿಂದ 14 ಡಿಗ್ರಿಯಷ್ಟು ತಂಪಿನಲ್ಲಿ ಸೇವಿಸತಕ್ಕದ್ದು ಯಾವುದೋ ಅದು ಲಘುರಕ್ತವೈನು: ಬೋಜೊಲೆ ಸೀಮೆಯ ಗಾಮೇ, ಬರ್ಗಂಡಿಯ ಪಿನೊ ನ್ವಾರ್, ಲ್ವಾರ್ ನದೀತೀರದ ಶಿನೋನ್, ಜುರಾ ಬೆಟ್ಟಗಳ ಪೂಲ್ಸಾರ್ ಇತ್ಯಾದಿ. ಹಾಗಾದರೆ ಪೂಲ್ಸಾರ್ ದ್ರಾಕ್ಷಿಯ ಸಿಪ್ಪೆ ಬಹು ತೆಳುವಾದ್ದರಿಂದ ಅದರ ವೈನು ಗುಲಾಬಿ ವೈನಿನಂತೆಯೇ ಕಾಣುವುದಲ್ಲ, ಲಕ್ಷಣವು ಅದನ್ನೂ ದಾಟಿ ಗುಲಾಬಿಯ ಮೇಲೆಯೂ ಹರಿದು ಅತಿವ್ಯಾಪ್ತಿಯಾಗದೇ ಎಂದರೆ, ಆಗುತ್ತದೆ. ಬೋಜೊಲೆಯದೇ ಆದ ಮುಲಾಂ ಆ ವಾಂ ಗಡುಸಾಗಿ ಬಣ್ಣಗಟ್ಟಿ ವರ್ಷಗಟ್ಟಲೆ ನಿಲ್ಲುವುದಲ್ಲ, ಅಲ್ಲಿ ಅವ್ಯಾಪ್ತಿಯಾಗದೇ ಎಂದರೆ, ಅದೂ ಆಗುತ್ತದೆ. ಈ ದೋಷಗಳಿಗೆ ಪರಿಹಾರವನ್ನು ವಿಸ್ತಾರವಾಗಿ ಹೇಳಬಹುದಾಗಿತ್ತು. ಸೀಸೆಗಳ ಬಿರಡೆ ಆಗಲೇ ತೆಗೆದಾಗಿರುವುದರಿಂದ ಮುಂದಕ್ಕೆ ಹೋಗೋಣ.

ವಿಧಿಯಿಂತಿದೆ: ಆಹ್ವಾನಿತರು ಒಂದೊಂದು ಸೀಸೆ ತರುವುದು, ಗೃಹಸ್ಥನು ಅವನ್ನು ಅಡುಗೆಮನೆಗೆ ಒಯ್ದು, ಕೊರಳಿನ ತಗಡನ್ನು ಪೂರ್ತಿ ಸುಲಿದು, ಒಂದೊಂದಕ್ಕೂ ಕಾಲುಚೀಲ ತೊಡಿಸಿ, ಸಂಖ್ಯೆ ಹಚ್ಚಿ ತರುವುದು. ಕಾಲುಚೀಲ ಒಗೆದದ್ದಾಗಿರಬೇಕೆಂದು ವಿಧಿವಾಕ್ಯದಲ್ಲಿ ಸ್ಪಷ್ಟವಿಲ್ಲ; ಅದು ಶಿಷ್ಟಾಚಾರದಿಂದ ಸಿದ್ಧ. ಆದರೆ ಕಾಲುಚೀಲವು ಹೆಸರನ್ನು ಮುಚ್ಚೀತೇ ಹೊರತು ಹೆಗಲನ್ನು ಮುಚ್ಚಲಾರದು. ಬೋರ್ದೋ ಸೀಸೆಗೆ ನೆಟ್ಟನೆಯ ಹೆಗಲು, ಬರ್ಗಂಡಿ ಬೋಜೊಲೆಗಳ ಸೀಸೆಗೆ ಜಾರುಹೆಗಲು; ಇದನ್ನು ಬಲ್ಲವನು ತುಟಿಗೆ ಬಟ್ಟಲು ಸೋಂಕಿಸುವ ಮೊದಲೇ ಅರ್ಧ ಪಂಡಿತನಾಗಿರುತ್ತಾನೆ. ಇನ್ನರ್ಧ ಪಾಂಡಿತ್ಯವು ಅನುಮಾನಪ್ರಮಾಣದಿಂದ ಬರತಕ್ಕದ್ದು. ಕಾಲುಚೀಲದ ಅಂಚಿನಲ್ಲಿ ಅರಗಿನ ಚೂರು ಸಿಕ್ಕಿಕೊಂಡಿದೆ. ಸೀಸೆಯ ಬಾಯಿಗೆ ಅರಗು ಹಾಕುವವರು ಗಂಧಕ ಬೆರೆಸಲೊಲ್ಲದ ಸಣ್ಣ ಬೆಳೆಗಾರರು. ಆದುದರಿಂದ ಇದು ಅಂಥವನ ವೈನು. ವ್ಯಾಪ್ತಿ ಸೊಗಸಾಗಿದೆ, ಆದರೆ ಶೋಭೆಗೆಂದು ಅರಗು ಹಾಕುವ ದೊಡ್ಡ ವರ್ತಕರೂ ಇರುವುದರಿಂದ ಹೇತು ಸವ್ಯಭಿಚಾರ. ದೋಷವಿಲ್ಲದ ಹೇತು ಒಂದೇ, ಅದು ಗೃಹಸ್ಥನ ಮಣಿಕಟ್ಟು. ಅಗ್ಗದ ವೈನನ್ನು ಮಾತಾಡುತ್ತಲೇ ಧಾರಾಳವಾಗಿ ಸುರಿಯುವ ಆ ಪುಣ್ಯಾತ್ಮನು, ಬೆಲೆಬಾಳುವ ಬರ್ಗಂಡಿಯ ಸರದಿ ಬಂದಾಗ ಮಾತು ನಿಲ್ಲಿಸಿ, ಎರಡು ಬೆರಳಿನಷ್ಟು ಹನಿಸಿ, ಸೀಸೆಯ ಬಾಯನ್ನು ಸಣ್ಣಗೆ ತಿರುವಿ, ಜಾರುವ ತೊಟ್ಟನ್ನು ಬಟ್ಟೆಯಿಂದ ಒರಸುತ್ತಾನೆ. ಸರ್ವಜ್ಞನಿಗೆ ಮುಖಭಾವ ಏಕೆ ಇರಬಾರದೆಂಬುದು ಇಲ್ಲಿ ತಿಳಿದುಬರುತ್ತದೆ.

ಹಾಗಾದರೆ ಪ್ರತ್ಯಕ್ಷವೆಲ್ಲಿ, ನಾಲಗೆಯ ಸಾಕ್ಷ್ಯವೆಲ್ಲಿ ಎಂದು ಪೂರ್ವಪಕ್ಷ. ನಾಲಗೆಗೆ ಸ್ವಾತಂತ್ರ್ಯವಿಲ್ಲವೆಂಬುದಕ್ಕೆ ಬೋರ್ದೋ ವಿಶ್ವವಿದ್ಯಾಲಯದ ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗವೇ ಸಾಕು: ವೈನುಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳು, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿಯ ವೈನನ್ನು ಮೂಸಿನೋಡಿ, ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ಅದನ್ನು ವರ್ಣಿಸಿದರು. ಮೂಗು ಕಣ್ಣಿನ ಅಡಿಯಾಳು. ಕಣ್ಣು ಹೆಸರಿನ ಅಡಿಯಾಳು. ಇದಕ್ಕೆ ಪುರಾತನ ನಿದರ್ಶನವೂ ಉಂಟು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ಪನು ಗಾಮೇಯನ್ನು ದ್ರೋಹಿ ಬಳ್ಳಿಯೆಂದು ಹಳಿದು, ತನ್ನ ಸೀಮೆಯಿಂದ ಕಿತ್ತುಹಾಕಿಸಲು ಆಜ್ಞೆ ಹೊರಡಿಸಿದನು. ಅವನ ಒಲವೆಲ್ಲ ಪಿನೊದ ಮೇಲೆ. ಆರುನೂರು ವರ್ಷ ಕಳೆದು 1999ರಲ್ಲಿ ಡಿಎನ್‌ಎ ಪರೀಕ್ಷೆ ನಡೆಸಿದವರು, ಗಾಮೇಯು ಆ ಪಿನೊ ಕುಲಕ್ಕೂ ಗೂಏ ಬ್ಲಾಂ ಎಂಬ ಬಡವರ ದ್ರಾಕ್ಷಿಗೂ ಹುಟ್ಟಿದ ಸಂತಾನವೆಂದು ತೋರಿಸಿಕೊಟ್ಟರು. ಡ್ಯೂಕನು ಗಡಿಪಾರು ಮಾಡಿದ್ದು ತನ್ನ ಪ್ರಿಯಪಾತ್ರನ ಮಗನನ್ನೇ. ಗೋಷ್ಠಿಯಲ್ಲಿ ವಯಸ್ಸಾದ ಮುಲಾಂ ಆ ವಾಂ ಒಂದನ್ನು ಕಣ್ಣುಮುಚ್ಚಿ ಸವಿದು, “ಇದು ಬರ್ಗಂಡಿ, ಸಂಶಯವೇ ಬೇಡ, ರಾಜಯೋಗ್ಯವಾದದ್ದು” ಎಂದ ದಂತವೈದ್ಯರನ್ನು ಉಳಿದವರು ಅಪಹಾಸ್ಯ ಮಾಡಿದ್ದು ನ್ಯಾಯವಲ್ಲ. ಅವರು ಮಗನಲ್ಲಿ ತಂದೆಯ ಚಹರೆ ಕಂಡರು. ಕಾಲುಚೀಲದೊಳಗೆ ಡ್ಯೂಕನ ಆಜ್ಞೆ ನಡೆಯುವುದಿಲ್ಲ.

ಉಪಮಾನದ ಪಾಡು ಇನ್ನೂ ಕಷ್ಟ. ಶಿನೋನಿನಲ್ಲಿ ದೊಣ್ಣೆಮೆಣಸಿನಕಾಯಿ ನಾರುತ್ತದೆಂಬುದು ಸತ್ಯ. ಲೀಟರಿಗೆ ಕೆಲವೇ ನ್ಯಾನೋಗ್ರಾಮ್ ಇದ್ದರೂ ಮೂಗಿಗೆ ಬಡಿಯುವ ಪಿರಜೀನ್ ಎಂಬ ದ್ರವ್ಯ ಎರಡರಲ್ಲಿಯೂ ಒಂದೇ. ಆದರೆ ನವೆಂಬರ್ ತಿಂಗಳ ಮೂರನೆಯ ಗುರುವಾರ ಮಾರಾಟಕ್ಕೆ ಬಿಡುವ ಎಳೆಯ ಬೋಜೊಲೆಯಲ್ಲಿ, ಗೊಂಚಲು ಗೊಂಚಲಾಗಿ ದ್ರಾಕ್ಷಿಯನ್ನು ಇಂಗಾಲಾಮ್ಲ ಅನಿಲದಲ್ಲಿ ಮುಚ್ಚಿ ಹುದುಗಿಸುವುದರಿಂದ ಹುಟ್ಟುವ ಪರಿಮಳವನ್ನು ಗೋಷ್ಠಿಯವರು “ಬಾಳೆಹಣ್ಣು” ಎಂದು ಷರಾ ಬರೆದು ಮುಗಿಸುತ್ತಾರೆ. ಯಾವ ಬಾಳೆ? ಏಲಕ್ಕಿಯೋ, ಪಚ್ಚಬಾಳೆಯೋ, ನಂಜನಗೂಡಿನ ರಸಬಾಳೆಯೋ? ಈ ಪ್ರಶ್ನೆಯನ್ನು ಪ್ರಬಂಧಕಾರನು ಸಭೆಯ ಮುಂದಿಟ್ಟಾಗ ಕೆಲಕಾಲ ನಿಶ್ಶಬ್ದವಾಯಿತು. ಅಂಗಡಿಯಲ್ಲಿ ಒಂದೇ ಬಗೆಯ ಬಾಳೆ ಸಿಗುವ ದೇಶದಲ್ಲಿ ಉಪಮಾನಪ್ರಮಾಣ ಬೆಳೆಯುವುದು ದುಸ್ಸಾಧ್ಯ.

ಇನ್ನು ಶಬ್ದ, ಎಂದರೆ ಸೀಸೆಯ ಮೇಲಿನ ಚೀಟಿ. ಉತ್ತರಜ್ಞಾನವು ಪೂರ್ವಜ್ಞಾನವನ್ನು ಬಾಧಿಸುವುದು ಹೆಚ್ಚಿನ ದರ್ಶನಗಳಿಗೆ ಸಮ್ಮತವೇ. ಹಗ್ಗವೆಂದು ತಿಳಿದಮೇಲೆ ಹಾವು ಹೋಯಿತು, ಸರಿ. ಆದರೆ ಮೊದಲಿನಿಂದಲೂ ಹಗ್ಗವೆಂದೇ ತಿಳಿದಿದ್ದೆನೆಂದು ಯಾವ ವೇದಾಂತಿಯೂ ಹೇಳಿದ್ದಿಲ್ಲ. ಇಲ್ಲಿಯಾದರೋ ಕಾಲುಚೀಲ ಕಳಚಿದೊಡನೆ ಎಲ್ಲರೂ ಒಕ್ಕೊರಲಿನಿಂದ “ಬಾಯಿಗೆ ಬಂದಿತ್ತು, ಆಡಲಿಲ್ಲ ಅಷ್ಟೆ” ಎನ್ನುತ್ತಾರೆ. ತಾವೇ ತಂದ ಶಿನೋನಿಗೆ “ಸೊಪ್ಪಿನ ನೀರು” ಎಂದು ಬರೆದಿದ್ದ ದಂತವೈದ್ಯರು, ಚೀಟಿ ಕಂಡ ಕ್ಷಣವೇ ಪೆನ್ಸಿಲಿನ ಹಿಂಬದಿಯ ರಬ್ಬರಿನಿಂದ ಅದನ್ನು ಮೆಲ್ಲನೆ ಉಜ್ಜಿ, ಅದೇ ಜಾಗದಲ್ಲಿ “ವಸಂತದ ತಾಜಾತನ” ಎಂದು ತಿದ್ದಿದ್ದನ್ನು ಪ್ರಬಂಧಕಾರನು ಕಣ್ಣಾರೆ ಕಂಡಿದ್ದಾನೆ.

ಅರ್ಥಾಪತ್ತಿಗೆ, ಎಂದರೆ ಕಂಡದ್ದು ಹೊಂದಬೇಕಾದರೆ ಕಾಣದ್ದನ್ನು ಒಪ್ಪಲೇಬೇಕೆನ್ನುವ ಪ್ರಮಾಣಕ್ಕೆ, ಹೆಚ್ಚು ಸ್ಥಳ ಬೇಡ. ಎಲ್ಲರೂ ರುಚಿನೋಡಿ ಉಗುಳುವವರೇ, ಪೀಕದಾನಿಯ ತಳ ಮಾತ್ರ ಒದ್ದೆಯಾಗಿದೆ, ಮುಖಗಳು ಕೆಂಪೇರಿವೆ. ಹಗಲು ಉಣ್ಣದೆಯೂ ದಪ್ಪಗಿದ್ದ ದೇವದತ್ತನ ಬಂಧುಗಳು ಲಿಯೋಂನಲ್ಲಿಯೂ ಇದ್ದಾರೆಂದಷ್ಟೇ ಹೇಳಬಹುದು.

ಉಳಿದದ್ದು ಅನುಪಲಬ್ಧಿ, ಇಲ್ಲದಿರುವುದನ್ನು ಕಂಡು ಅರಿಯುವ ಪ್ರಮಾಣ. ಒಬ್ಬೊಬ್ಬರು ಕೊಟ್ಟ ಅಂಕಗಳನ್ನು ಕೂಡಿ ನೋಡಿದಾಗ, ಮಣಿಕಟ್ಟಿನ ಸೂಚನೆಗೆ ತಕ್ಕಂತೆ ಬರ್ಗಂಡಿಯೇ ಗೆದ್ದಿತ್ತು. ಆದರೆ ಅದು ಸೀಸೆಯಲ್ಲಿ ಅರ್ಧಕ್ಕೆ ನಿಂತಿತ್ತು. ಎರಡನೆಯ ಸಂಖ್ಯೆಯ ಸೀಸೆಯನ್ನು ಬಗ್ಗಿಸಿದರೆ ಒಂದು ತೊಟ್ಟೂ ಇಳಿಯಲಿಲ್ಲ. ಕಾಲುಚೀಲ ಕಳಚಿದಾಗ ಅದು ಬೋಜೊಲೆಯ ಎತ್ತರದ ಇಳಿಜಾರಿನ ಶಿರೂಬ್ಲ್, ಎಲ್ಲಕ್ಕಿಂತ ಅಗ್ಗದ್ದು, ಅಂಕಪಟ್ಟಿಯಲ್ಲಿ ಕಡೆಯಿಂದ ಎರಡನೆಯದು. ಆದುದರಿಂದ ಅದೇ ಉತ್ತಮವೆಂದು ಪ್ರಬಂಧಕಾರನು ಸಿದ್ಧಾಂತ ಮಾಡಹೊರಟಾಗ, ಆ ಸೀಸೆಯು ಸೇಂಟ್ ಮಾರ್ಸೆಲಾಂ ಚೀಸಿನ ತಟ್ಟೆಯ ಪಕ್ಕದಲ್ಲಿದ್ದುದರಿಂದಲೇ ಬರಿದಾಯಿತೆಂದೂ, ಸಾಮೀಪ್ಯವೇ ಇಲ್ಲಿ ಉಪಾಧಿಯೆಂದೂ ದಂತವೈದ್ಯರು ಆಕ್ಷೇಪವೆತ್ತಿದರು. ಆಕ್ಷೇಪ ಬಲವಾದದ್ದೇ; ಆದರೆ ಅಷ್ಟು ಹೊತ್ತಿಗೆ ತಟ್ಟೆಯಲ್ಲಿಯೂ ಅನುಪಲಬ್ಧಿಯೇ ಇದ್ದುದರಿಂದ, ಅದನ್ನು ಪರೀಕ್ಷಿಸುವುದಕ್ಕೆ ಅವಕಾಶವಾಗಲಿಲ್ಲ.