ಬೆನ್ನುಮುಖಯಾನ ಮೀಮಾಂಸೆ

ದೋಣಿಯಲ್ಲಿ ಕುಳಿತವನ ಬೆನ್ನು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಸಾಗುವುದೇ ಸ್ಕಲ್ಲಿಂಗ್. ಇದು ಈ ಶಾಸ್ತ್ರದ ಮೊದಲ ಸೂತ್ರ. ಪೂರ್ವಪಕ್ಷದವರು ಇಲ್ಲೇ ತಕರಾರು ತೆಗೆಯುತ್ತಾರೆ: ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನು ಹೋಗುವ ದಿಕ್ಕಿಗೇ ಮುಖಮಾಡಿ, ಒಂದೇ ಹುಟ್ಟಿನಲ್ಲಿ, ಊರ ಸುದ್ದಿ ಹೇಳುತ್ತ ಜನರನ್ನು ಆಚೆ ದಡ ಸೇರಿಸುತ್ತಾನೆ, ಇಲ್ಲಿ ಇರುವವನೊಬ್ಬ, ಹುಟ್ಟು ಎರಡು, ಅವನಿಗೂ ದಾರಿ ಕಾಣದು, ಇದು ಯಾವ ಸೀಮೆಯ ಪ್ರಗತಿ? ಸಿದ್ಧಾಂತಿಯ ಸಮಾಧಾನ: ಹುಟ್ಟು ಎಳೆಯುವ ಬಲ ಕಾಲಿನದು, ಒದ್ದು ಎಳೆಯಬೇಕಾದರೆ ಹಿಮ್ಮುಖ ಕೂರಲೇಬೇಕು. ಸರಿ. ಆದರೆ ಇದೇ ಸಿದ್ಧಾಂತಿಗಳು ದೋಣಿಯ ಮೂತಿಗೊಂದು ರಬ್ಬರ್ ಚೆಂಡನ್ನು ಕಡ್ಡಾಯ ಮಾಡಿದ್ದಾರೆ. ತಮ್ಮ ಸಿದ್ಧಾಂತ ಯಾರ ಬೆನ್ನಿಗೆ ಚುಚ್ಚೀತೆಂಬ ಅಂದಾಜು ಅವರಿಗೂ ಇದ್ದಂತಿದೆ.

ಇನ್ನು ವಾಹನಲಕ್ಷಣ. ಪಂದ್ಯದ ಒಂಟಿ ಸ್ಕಲ್ ಸುಮಾರು 8 ಮೀಟರ್ ಉದ್ದ. ನೀರಿಗೆ ತಾಗುವ ಕಡೆ ಒಂದಡಿಗೂ ಕಡಿಮೆ ಅಗಲ. ನಿಯಮದಂತೆ 14 ಕೆ.ಜಿ.ಗಿಂತ ಹಗುರ ಇರಕೂಡದು, ಎಂದರೆ ತುಂಬಿದ ಗ್ಯಾಸ್ ಸಿಲಿಂಡರಿನ ಹತ್ತಿರಹತ್ತಿರ ಅರ್ಧ ತೂಕ. ಹೊಸಬರಿಗೆ ಇದಕ್ಕಿಂತ ಅಗಲದ, ದಪ್ಪ ದೋಣಿ ಕೊಡುತ್ತಾರೆ. ಅದು ಕರುಣೆಯಲ್ಲ, ದೋಣಿಯ ಮೇಲಿನ ಕಾಳಜಿ. ಎರಡು ದೋಣಿಯಲ್ಲಿ ಕಾಲಿಡಬಾರದೆಂದು ಬಾಲ್ಯದಿಂದ ಕೇಳಿದ ಶಿಷ್ಯನಿಗೆ ಒಂದೇ ದೋಣಿಯಲ್ಲಿ ಕಾಲಿಡುವ ಕಷ್ಟವನ್ನು ಯಾರೂ ಹೇಳಿರುವುದಿಲ್ಲ. ಜಾರುವ ಸೀಟಿನ ಹಳಿಗಳ ನಡುವಿನ ಹಲಗೆಯ ಮೇಲೆ ಮಾತ್ರ ಪಾದವಿಡಬೇಕು. ಪಕ್ಕದಲ್ಲಿಟ್ಟರೆ ಪಾದ ತಳವನ್ನು ತೂರಿ ನದಿ ಸೇರುತ್ತದೆ. ಪಾದರಕ್ಷೆ ಹೊರಗೆ ಬಿಟ್ಟು ಬಂದವನಿಗೆ ಒಳಗೆ ಬೇರೆ ಜೋಡು ಕಾದಿರುತ್ತದೆ, ದೋಣಿಗೇ ಸ್ಕ್ರೂ ಹಾಕಿ ಕೂರಿಸಿದ್ದು. ದೇವಸ್ಥಾನಗಳ ಆಡಳಿತ ಮಂಡಳಿಗಳು ಇದನ್ನು ಗಮನಿಸಬಹುದು.

ಶಾಸ್ತ್ರದ ಹೃದಯಭಾಗ ಸ್ಥೈರ್ಯಪ್ರಕರಣ. ದೋಣಿಗೆ ಸ್ವಂತ ಸ್ಥಿರತೆ ಇಲ್ಲ. ಹುಟ್ಟುಗಳ ಅಲಗು ನೀರಿನ ಮೇಲೆ ಅಂಗಾತ ಮಲಗಿ, ಎರಡೂ ಹಿಡಿ ಹೊಟ್ಟೆಯ ಮುಂದೆ ಕೂಡಿ ಒಂದೇ ಎತ್ತರದಲ್ಲಿದ್ದಷ್ಟು ಹೊತ್ತು ಅದು ಮಣೆಯಂತೆ ಕೂತಿರುತ್ತದೆ. ಸ್ವಲ್ಪ ವಾಲಿತೋ, ಶಿಷ್ಯನ ಕೈ ಹಿಡಿಯನ್ನು ಬಿಟ್ಟು ದೋಣಿಯ ಅಂಚಿಗೆ ಹಾರುತ್ತದೆ. ಮುಂದಿನದು ನೀರಿನೊಳಗೆ. ತನ್ನನ್ನು ತಾನು ಉಳಿಸಿಕೊಳ್ಳಲು ಹೊರಟವನು ಮುಳುಗುತ್ತಾನೆ, ಏನೂ ಮಾಡದೆ ಕೂತವನು ತೇಲುತ್ತಾನೆ. ಸರ್ಕಾರಿ ಸೇವೆಯಲ್ಲಿ ನಿವೃತ್ತರಾದವರು ಈ ಪ್ರಕರಣವನ್ನು ಬೇಗ ಗ್ರಹಿಸುತ್ತಾರೆ.

ಹಸ್ತವಿವಾದವೂ ಸಣ್ಣದಲ್ಲ. ಎಳೆಯುವಾಗ ಎರಡು ಹಿಡಿಗಳು ಮಧ್ಯದಲ್ಲಿ ಒಂದನ್ನೊಂದು ದಾಟಬೇಕು. ಊಟ, ಆರತಿ, ದಕ್ಷಿಣೆ ಎಲ್ಲದರಲ್ಲೂ ಬಲಗೈಗೆ ಮಣೆ ಹಾಕಿದ ನಾವು ಇಲ್ಲಿ ಎಡಗೈಯನ್ನು ಮೇಲಿಟ್ಟು, ತುಸು ಮುಂದಿಟ್ಟು ಒಪ್ಪಿಕೊಳ್ಳಬೇಕು. ಇದಕ್ಕೆಂದೇ ಎಡಗೈ ಹುಟ್ಟನ್ನು ಹಿಡಿದಿಡುವ ಗೇಟನ್ನು ಒಂದೆರಡು ಸೆಂಟಿಮೀಟರ್ ಎತ್ತರಿಸುವುದೂ ಉಂಟು. ಅಭ್ಯಾಸದ ಮೊದಲ ದಿನಗಳಲ್ಲಿ ಎಡಗೈ ಉಗುರು ಬಲಗೈ ಗೆಣ್ಣನ್ನು ಕೆರೆದು ರಕ್ತ ಬರಿಸುತ್ತದೆ. ಶತಮಾನಗಳ ಸೇಡು ಎನ್ನುವ ಭಾಷ್ಯಕಾರರಿದ್ದಾರೆ. ಉಗುರು ಕತ್ತರಿಸಿಕೋ ಎನ್ನುವ ಕೋಚ್ ಅಷ್ಟು ಆಳಕ್ಕೆ ಹೋಗುವುದಿಲ್ಲ.

ಎಳೆತ ಅನುಲೋಮ: ಕಾಲು, ಸೊಂಟ, ಕೈ. ಮರಳುವುದು ವಿಲೋಮ: ಕೈ, ಸೊಂಟ, ಕಾಲು. ಮೊದಲು ಕೈ ಎಳೆಯುವ ಹಸ್ತಪ್ರಥಮವಾದಿಗಳು ಪಾಷಂಡಿಗಳು. ಹೊಸಬರಲ್ಲಿ ಅವರದೇ ಬಹುಮತ. ಮರಳುವಾಗ ಅವಸರಪಟ್ಟು ಸೀಟನ್ನು ಓಡಿಸಿದರೆ ದೋಣಿಯ ವೇಗ ಕುಗ್ಗುತ್ತದೆ. ಅಲಗನ್ನು ನೆಟ್ಟಗೆ ತಿರುಗಿಸದೆ ನೀರಿಗಿಳಿಸಿದರೆ ನೀರು ಅದನ್ನು ಹಿಡಿದು ಕೆಳಕ್ಕೆಳೆದು, ಹಿಡಿಯನ್ನು ಹೊಟ್ಟೆಗೆ ವಾಪಸು ಕೊಡುತ್ತದೆ, ಬಡ್ಡಿ ಸಮೇತ.

ಕೊನೆಯದಾಗಿ, ಆಕರಗಳಲ್ಲೇ ಅತಿ ತೊಡಕಿನದು 1928ರ ಆಂಸ್ಟರ್‌ಡ್ಯಾಂ ಒಲಿಂಪಿಕ್ಸಿನದು. ಆಸ್ಟ್ರೇಲಿಯದ ಬಾಬಿ ಪಿಯರ್ಸ್ ಕ್ವಾರ್ಟರ್ ಫೈನಲ್ಲಿನಲ್ಲಿ ಮುಂದಿದ್ದಾಗ ದಡದವರು ಕೂಗಿ ಕೈ ತೋರಿಸಿದರು. ತಿರುಗಿ ನೋಡಿದರೆ ಬಾತುಕೋಳಿ ಸಂಸಾರವೊಂದು ಸಾಲಾಗಿ ಕಾಲುವೆ ದಾಟುತ್ತಿದೆ. ಆತ ಹುಟ್ಟು ತಡೆದು ಕಾದ. ಆಮೇಲೆ ಆ ಪಂದ್ಯವನ್ನೂ ಚಿನ್ನವನ್ನೂ ಗೆದ್ದ. ಇದು ಬೆನ್ನುಮುಖ ಸಿದ್ಧಾಂತದ ವಿಜಯವೆಂದು ಒಂದು ಪಂಥ. ದಡದಲ್ಲಿ ಮುಂದೆ ನೋಡುವ ಜನ ಇದ್ದುದರಿಂದ ಬಾತುಗಳು ಉಳಿದವೆಂದು ಇನ್ನೊಂದು. ಬಾತುಗಳಂತೂ ಯಾವ ಕೋಚೂ ಇಲ್ಲದೆ, ಹೋಗುವ ಕಡೆಗೇ ಮುಖಮಾಡಿ, ಎರಡೇ ಕಾಲಲ್ಲಿ ಆಚೆ ದಡ ಸೇರಿದ್ದರಿಂದ ಅವನ್ನು ಪೂರ್ವಪಕ್ಷದ ಸಾಕ್ಷಿಗಳೆಂದು ನಮೂದಿಸಲಾಗಿದೆ.