ಹತ್ತನೇ ಇಯತ್ತೆಯ ಡೈರೆಕ್ಟರು

ಬೇಸಿಗೆ ರಜೆ ಬಂತೆಂದರೆ ಹಾವೇರಿ ಜಿಲ್ಲೆಯ ಸುದ್ದಿಪುಟಗಳಲ್ಲಿ ಒಂದೇ ಸುದ್ದಿ ಊರಿನ ಹೆಸರು ಬದಲಿಸಿಕೊಂಡು ದಿನಾ ಬರುತ್ತದೆ: ಇಷ್ಟನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಂದ ಗುರುವಂದನೆ ಹಾಗೂ ಸ್ನೇಹ ಸಮ್ಮಿಲನ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ತಾಲ್ಲೂಕೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಫೋಟೋದಲ್ಲಿ ನಿವೃತ್ತ ಗುರುಗಳು ಸಾಲಾಗಿ ಕುಂತಿರುತ್ತಾರೆ. ತಲೆಗೆ ಪೇಟ, ಕೊರಳಿಗೆ ಹಾವೇರಿಯ ಏಲಕ್ಕಿ ಹಾರ. ಹಿಂದೆ ನಿಂತ ಶಿಷ್ಯರ ತಲೆಯಲ್ಲಿ ಗುರುಗಳಿಗಿಂತ ಕೂದಲು ಕಡಿಮೆ. ಊಟ ಹಾಕಿಸಿದವರ ಹೆಸರು ಸುದ್ದಿಯಲ್ಲಿರುತ್ತದೆ, ಪ್ರಾರ್ಥನೆ ಹೇಳಿದವರದು, ನಿರೂಪಣೆ ಮಾಡಿದವರದು, ವಂದಿಸಿದವರದೂ ಇರುತ್ತದೆ. ಆ ದಿನದ ನಿಜವಾದ ಅಧಿಕಾರಿಯ ಹೆಸರು ಮಾತ್ರ ಇರುವುದಿಲ್ಲ. ಅವನು ಹಳೇ ಫೋಟೋಗಳನ್ನೆಲ್ಲ ಕಲೆಹಾಕಿ 'ನೆನಪಿನ ವಿಡಿಯೋ' ಮಾಡಿದವನು. ಬ್ಯಾಚಿನವರ ಬಾಯಲ್ಲಿ, ಡೈರೆಕ್ಟರು.

ಡೈರೆಕ್ಟರಿಗೆ ಹೊಟ್ಟೆಪಾಡಿಗೆ ಬೇರೆ ಕಸುಬಿದೆ. ಹಾನಗಲ್ಲಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುತ್ತಾನೆ, ಸವಣೂರಿನಲ್ಲಿ ಝೆರಾಕ್ಸ್ ಅಂಗಡಿ, ಶಿಗ್ಗಾಂವಿಯಲ್ಲಿ ಎಲ್‌ಐಸಿ ಏಜೆಂಟು, ಹಿರೇಕೆರೂರಿನಲ್ಲಿ ಸ್ವತಃ ಮಾಸ್ತರು. ಕಸುಬು ಯಾವುದಿದ್ದರೂ ಲಕ್ಷಣ ಒಂದೇ. ಯಾವಾಗಲೋ ಮಗಳ ಹುಟ್ಟುಹಬ್ಬದ ಫೋಟೋಗಳಿಗೆ ಮೊಬೈಲಿನ ಕೈನ್‌ಮಾಸ್ಟರ್‌ನಲ್ಲಿ ಹಾಡು ಹಚ್ಚಿ ಸ್ಟೇಟಸ್ ಇಟ್ಟಿದ್ದ. ಬೀಗರು ನೋಡಿ "ಥೇಟ್ ಪಿಚ್ಚರ್ ಆಗೇತ್ರಿ" ಅಂದಿದ್ದರು. ಅವತ್ತಿನಿಂದ ಅವನ ನಡಿಗೆ ಬದಲಾಗಿದೆ. ಪೂರ್ವಭಾವಿ ಸಭೆಯಲ್ಲಿ ಊಟ, ಪೆಂಡಾಲು, ಶಾಲು, ಸ್ಮರಣಿಕೆ ಎಂದು ಒಬ್ಬೊಬ್ಬರು ಒಂದೊಂದು ಜವಾಬ್ದಾರಿ ಹೊರುವಾಗ ಸುಮ್ಮನಿದ್ದು, ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಳ್ಳುತ್ತಾನೆ.

"ನೋಡ್ರೋ, ಹಾರ ನಾಳಿಗೆ ಬಾಡ್ತಾವ. ಉಂಡ ಹುಗ್ಗಿ ಸಂಜೀಕ ಕರಗತೈತಿ. ಉಳಿಯೂದು ವಿಡಿಯೋ ಒಂದ."

ಏಲಕ್ಕಿ ಹಾರ ಬಾಡುವುದಿಲ್ಲ ಎಂದು ಯಾರೋ ತಿದ್ದುತ್ತಾರೆ. ಅಷ್ಟರಲ್ಲಿ ಕೆಲಸ ಇವನ ಕೈಗೆ ಬಂದಿರುತ್ತದೆ.

ಕೈಗೆ ಬಂದ ಮೇಲೆ ತಿಳಿಯುವ ಸಂಗತಿಯೆಂದರೆ, ಫೋಟೋ ವಿಡಿಯೋ ಮಾಡಲು ಫೋಟೋಗಳೇ ಇಲ್ಲ. ಈಗಿನ ಹುಡುಗರು ಮಧ್ಯಾಹ್ನದ ಊಟದ ಡಬ್ಬಿಯನ್ನೂ ನಾಲ್ಕು ಕೋನದಲ್ಲಿ ತೆಗೆಯುತ್ತಾರೆ. 1993-94ರ ಬ್ಯಾಚಿನವರಿಗೆ ಹೈಸ್ಕೂಲಿನ ಮೂರು ವರ್ಷಕ್ಕೆ ಉಳಿದದ್ದು ಸೆಂಡ್‌ಆಫ್ ದಿನದ ಒಂದು ಗ್ರೂಪ್ ಫೋಟೋ. ಪೇಟೆಯಿಂದ ಫೋಟೋದವನು ಮೂರು ಕಾಲಿನ ಸ್ಟ್ಯಾಂಡು ಹೊತ್ತು ಬಂದಿದ್ದ; ವರ್ಗದ ಬೆಂಚುಗಳನ್ನೆಲ್ಲ ಬಯಲಿಗೆ ಹೊತ್ತು ತಂದು ಮೆಟ್ಟಿಲು ಮಾಡಿದ್ದರು; ನಡುವೆ ಹೆಡ್‌ಮಾಸ್ತರು, ಅಕ್ಕಪಕ್ಕ ಮಾಸ್ತರರು, ಒಂದು ಬದಿಗೆ ಹುಡುಗಿಯರು, ಕೊನೆಗೆ ಗಂಟೆ ಹೊಡೆಯುವ ಪ್ಯೂನು. ಮುಂದಿನ ಹಲಗೆಯ ಮೇಲೆ ಶಾಲೆಯ ಹೆಸರು, ಕೆಳಗೆ "ತಾ: ಹಾನಗಲ್ಲ, ಜಿ: ಧಾರವಾಡ". ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟ್ 24ಕ್ಕೆ. ಹೀಗಾಗಿ ಟೈಟಲ್ಲಿನಲ್ಲಿ ಯಾವ ಜಿಲ್ಲೆ ಹಾಕಬೇಕೆಂದು ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಜಗಳವಾಗುತ್ತದೆ. "ನಾವು ಕಲಿತಿದ್ದು ಧಾರವಾಡ ಜಿಲ್ಲಾದಾಗ" ಎಂದು ಒಂದು ಬಣ, "ಹಂಗಂದ್ರ ಊಟಕ್ಕ ಧಾರವಾಡಕ್ಕ ಹೋಗ್ರಿ" ಎಂದು ಇನ್ನೊಂದು.

ಆ ಒಂದು ಫೋಟೋವಾದರೂ ಸುಲಭವಾಗಿ ಸಿಗಬೇಕಲ್ಲ! ಪ್ರತಿಗೆ ದುಡ್ಡು ಕೊಡಬೇಕಾದ್ದರಿಂದ ಆವತ್ತು ಅರ್ಧ ಮಂದಿ ಕೊಂಡಿರಲಿಲ್ಲ. ಕೊಂಡವರ ಪೈಕಿ ಒಬ್ಬನ ಮನೆಯಲ್ಲಿ ಗೆದ್ದಲು ಎಡಗಡೆಯ ಮೂವರನ್ನೂ ಗಣಿತದ ಮಾಸ್ತರರ ಒಂದು ಭುಜವನ್ನೂ ತಿಂದಿದೆ. ಇನ್ನೊಬ್ಬನ ಮನೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲಿ ಕಟ್ಟು ಹಾಕಿ ತೂಗುಬಿಟ್ಟಿದ್ದಾರೆ; ಮಳೆಗಾಲದ ಥಂಡಿಗೆ ಫೋಟೋ ಗಾಜಿಗೇ ಅಂಟಿದೆ, ಕಿತ್ತರೆ ಹರಿಯುತ್ತದೆ. ಡೈರೆಕ್ಟರು ಖುರ್ಚಿ ಹತ್ತಿ ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ಹೊಡೆದುಕೊಳ್ಳುತ್ತಾನೆ. ಹೆಡ್‌ಮಾಸ್ತರರ ಹೊಟ್ಟೆಯ ಮೇಲೆ ಟ್ಯೂಬ್‌ಲೈಟು, ಅದರ ಕೆಳಗೆ ಮೊಬೈಲು ಹಿಡಿದ ಡೈರೆಕ್ಟರ ಎರಡು ಕೈ. ಮುಂದೆ ಆ ವಿಡಿಯೋ ನೋಡಿದ ಎಲ್ಲರಿಗೂ ಆ ಕೈಗಳು ಕಾಣುತ್ತವೆ, ಅವನೊಬ್ಬನಿಗೆ ಬಿಟ್ಟು.

ಉಳಿದವರಿಗೆ ಗ್ರೂಪಿನಲ್ಲಿ ಮನವಿ ಹೋಗುತ್ತದೆ: ಹಳೇ ಫೋಟೋ ಇದ್ದವರು ಕಳಿಸಿ. ವಾಟ್ಸಾಪಿನಲ್ಲಿ ಫೋಟೋ ಹಾಗೇ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆಂದು ಅವನಿಗೆ ಗೊತ್ತು. ಆದ್ದರಿಂದ "ಎಲ್ಲಾರೂ ಡಾಕ್ಯುಮೆಂಟ್ ಆಗಿ ಕಳಸ್ರಿ" ಎಂದು ದಪ್ಪಕ್ಷರದಲ್ಲಿ ಹಾಕುತ್ತಾನೆ. ಒಬ್ಬ ಆಧಾರ್ ಕಾರ್ಡು ಕಳಿಸುತ್ತಾನೆ. ಇನ್ನೊಬ್ಬ ಹೊಲದ ಉತಾರ ಕಳಿಸಿ, "ಸಬ್ಸಿಡಿ ಯಾವಾಗ ಬರತೈತಿ?" ಎಂದು ಕೇಳುತ್ತಾನೆ.

ಬ್ಯಾಚಿನ ಹೆಣ್ಣುಮಕ್ಕಳನ್ನು ಹುಡುಕುವುದು ಇನ್ನೊಂದು ಪ್ರಕರಣ. ಮದುವೆಯಾಗಿ ಊರು ಬದಲಾಗಿದೆ, ಅಡ್ಡಹೆಸರು ಬದಲಾಗಿದೆ, ನಂಬರು ಅಣ್ಣನ ಹತ್ತಿರ ಇದೆ, ಅಣ್ಣ ಕೊಟ್ಟ ನಂಬರು ಗಂಡನದು. ಗೊಬ್ಬರದ ಅಂಗಡಿಯಲ್ಲಿ ಯಾರಿಗೂ ಹೆದರದ ಡೈರೆಕ್ಟರು ಇಲ್ಲಿ ಎದ್ದು ನಿಂತು ಮಾತಾಡುತ್ತಾನೆ. "ನಮಸ್ಕಾರ್ರೀ ಸರ್ರ. ನಾ ನಿಮ್ಮ ಮನಿಯವರ ಕ್ಲಾಸ್‌ಮೇಟ್ ರೀ... ಅಲ್ರೀ, ಹಂಗಲ್ರೀ, ಗುರುವಂದನಾ ಐತ್ರಿ." ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಕೊನೆಗೆ ಆ ಕ್ಲಾಸ್‌ಮೇಟೇ ಫೋನು ತೆಗೆದುಕೊಂಡು, ಫೋಟೋ ಯಾವುದೂ ಇಲ್ಲ, ಇದ್ದರೂ ಹಾಕುವುದು ಬೇಡ ಅನ್ನುತ್ತಾರೆ. ಹೀಗಾಗಿ ವಿಡಿಯೋದಲ್ಲಿ ಅರ್ಧ ಮಂದಿ ಹೆಣ್ಣುಮಕ್ಕಳ ಜಾಗದಲ್ಲಿ ಅವರವರ ಡಿಪಿಯ ರಂಗೋಲಿ, ಬನಶಂಕರಿ, ಮೊಮ್ಮಗಳ ಕಾಲ್ಗೆಜ್ಜೆ ಬರುತ್ತವೆ. ಒಬ್ಬರು ಮಾತ್ರ ಫೋನು ಇಡುವ ಮುಂಚೆ ದನಿ ಇಳಿಸಿ ಕೇಳಿದರಂತೆ: "ಗ್ರೂಪ್ ಫೋಟೋದಾಗ ನನ್ನ ಹೆಸರು ಹಾಕೂ ಮುಂದ ಹಳೇ ಅಡ್ಡಹೆಸರ ಹಾಕ್ರಿ. ಅಪ್ಪಂದು." ಡೈರೆಕ್ಟರು ಮಿಕ್ಕೆಲ್ಲವನ್ನೂ ತನ್ನಿಷ್ಟದಂತೆ ಮಾಡಿದ, ಇದೊಂದನ್ನು ಅವರು ಹೇಳಿದಂತೆ ಮಾಡಿದ.

1962ರಲ್ಲಿ ಕ್ರಿಸ್ ಮಾರ್ಕರ್ ಎಂಬ ಫ್ರೆಂಚ್ ನಿರ್ದೇಶಕ ಹೆಚ್ಚುಕಡಿಮೆ ಬರೀ ಸ್ಥಿರಚಿತ್ರಗಳನ್ನೇ ಜೋಡಿಸಿ ಅರ್ಧ ತಾಸಿಗಿಂತ ಚಿಕ್ಕದಾದ 'ಲಾ ಜೆತೆ' ಎಂಬ ಸಿನಿಮಾ ಮಾಡಿದ. ಅದರಲ್ಲಿ ಅಲುಗಾಡುವುದು ಒಂದೇ ಒಂದು ಕ್ಷಣ: ಮಲಗಿದ ಹೆಂಗಸೊಬ್ಬಳು ಕಣ್ಣು ತೆರೆಯುತ್ತಾಳೆ. ಪ್ರೇಕ್ಷಕರ ಎದೆ ಝಲ್ಲೆನ್ನುತ್ತದೆ. ನಮ್ಮ ಡೈರೆಕ್ಟರಿಗೆ ಅಷ್ಟು ಸಂಯಮವಿಲ್ಲ. ಹಳೇ ಫೋಟೋದ ಮುಖವನ್ನು ಅಲುಗಾಡಿಸುವ ಆ್ಯಪುಗಳು 2021ರಿಂದೀಚೆ ಎಲ್ಲರ ಕೈಗೂ ಬಂದಿವೆ. ಅವನು ಬೆಂಚಿನ ಮೇಲಿನ ಅಷ್ಟೂ ಮಂದಿ ಕಣ್ಣು ಮಿಟುಕಿಸುವಂತೆ ಮಾಡುತ್ತಾನೆ. ಫೋಟೋ ಹೊಡೆಯುವಾಗ ಕಣ್ಣು ಮುಚ್ಚಿದ್ದವನಿಗೆ ಆ್ಯಪು ತಾನೇ ಹೊಸ ಕಣ್ಣು ಕೊಡುತ್ತದೆ. ಅವು ಯಾವ ದೇಶದವನ ಕಣ್ಣೋ, ಅವನ ಹೆಂಡತಿ ಗುರುತು ಹಿಡಿಯುವುದಿಲ್ಲ. ಬಣ್ಣ ತುಂಬಲು ಹೇಳಿದರೆ ಖಾಕಿ ಚಡ್ಡಿಗಳೆಲ್ಲ ಗುಲಾಬಿಯಾಗುತ್ತವೆ. ಎಲ್ಲಕ್ಕಿಂತ ಭಯಂಕರವಾದದ್ದು ಹೆಡ್‌ಮಾಸ್ತರರದು. ಜೀವಮಾನದಲ್ಲಿ ನಗದಿದ್ದ ಅವರು ಟ್ಯೂಬ್‌ಲೈಟಿನ ಹೊಟ್ಟೆ ಹೊತ್ತು ಮೆಲ್ಲಗೆ ಕತ್ತು ತಿರುಗಿಸಿ ನಗುತ್ತಾರೆ. ಗ್ರೂಪಿಗೆ ಸ್ಯಾಂಪಲ್ ಹಾಕಿದ ರಾತ್ರಿ ಒಬ್ಬ ಬರೆದ: "ತಗೀಲೇ ಅದನ್ನ. ಸರ್ ನಕ್ಕರಂದ್ರ ಮುಂದ ಬೆತ್ತ ಐತಿ ಅಂತ ಅರ್ಥ."

ಫೋಟೋ ಸಾಲದಿದ್ದರೆ ಊರು ಇದ್ದೇ ಇದೆಯಲ್ಲ. ಇಲ್ಲಿ ನಾಲ್ಕೂ ತಾಲ್ಲೂಕಿನ ಡೈರೆಕ್ಟರರು ತಮ್ಮ ತಮ್ಮ ಪ್ರತಿಭೆ ತೋರುತ್ತಾರೆ. ಹಾನಗಲ್ಲಿನವನ ವಿಡಿಯೋ ತಾರಕೇಶ್ವರ ಗುಡಿಯಿಂದಲೇ ಶುರು. ಸಂರಕ್ಷಿತ ಸ್ಮಾರಕವಾದ್ದರಿಂದ ಡ್ರೋನಿಗೆ ಅನುಮತಿ ಬೇಕು. ಅದಕ್ಕೇ ನೆಲದ ಮೇಲೆ ಅಂಗಾತ ಮಲಗಿ ಚಾವಣಿಯ ಕಲ್ಲಿನ ಕಮಲವನ್ನು ಗರಗರ ತಿರುಗಿಸಿ ತೆಗೆದಿರುತ್ತಾನೆ. ಚಾಲುಕ್ಯರ ಶಿಲ್ಪಿಗಳು ಅಷ್ಟು ನಿಧಾನವಾಗಿ ಕೆತ್ತಿದ್ದು ಇವನಿಗೆ ತಲೆ ತಿರುಗಿಸಲಿಕ್ಕೆ.

ಸವಣೂರಿನವನು ದೊಡ್ಡಹುಣಸೆ ಮಠಕ್ಕೆ ಓಡುತ್ತಾನೆ. ಆಫ್ರಿಕಾ ಮೂಲದ ಬಾವೋಬಾಬ್ ಜಾತಿಯ ಆ ಮೂರು ಮುದಿ ಮರಗಳ ಬುಡ ಸುತ್ತಲು ಹತ್ತಾರು ಹುಡುಗರು ಕೈಕೈ ಹಿಡಿಯಬೇಕು. 2023ರ ಮಳೆಗಾಲದಲ್ಲಿ ಅದರಲ್ಲೊಂದು ಬುಡಸಮೇತ ಉರುಳಿ, ಅದನ್ನು ಯಂತ್ರ ಹಚ್ಚಿ ಎತ್ತಿ ಮತ್ತೆ ನೆಟ್ಟರು. ಡೈರೆಕ್ಟರು ಆ ದೃಶ್ಯದ ಮೇಲೆ "ಬಿದ್ದರೂ ಎದ್ದ ನಮ್ಮ ಬ್ಯಾಚು" ಎಂದು ಅಕ್ಷರ ಮೂಡಿಸುತ್ತಾನೆ. ಸಪ್ಲಿಮೆಂಟರಿಯಲ್ಲಿ ಪಾಸಾದವರೆಲ್ಲ ಚಪ್ಪಾಳೆ. ಅದರ ಬೆನ್ನಿಗೇ ವಿ.ಕೃ. ಗೋಕಾಕರ ಫೋಟೋ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದವರು, 1990ರ ಜ್ಞಾನಪೀಠ ಪಡೆದವರು, ಹೆಮ್ಮೆ ಸರಿಯೇ. ಆದರೆ ಬ್ಯಾಚಿನ ಹುಡುಗರ ಸಾಲಿನಲ್ಲೇ, ಅದೇ ಹೂವಿನ ಅಂಚಿನ ಚೌಕಟ್ಟಿನಲ್ಲಿ ಬರುವುದರಿಂದ, ಗೋಕಾಕರೂ ಕೊನೇ ಬೆಂಚಿನಲ್ಲಿ ಕುಂತು ಸವಣೂರ ಖಾರಾ ತಿಂದವರೇ ಇರಬೇಕು ಅನ್ನಿಸುತ್ತದೆ.

ಶಿಗ್ಗಾಂವಿಯವನದು ಬೇರೆ ಜಾಣತನ. ಬಾಲ್ಯದ ದೃಶ್ಯ ಬೇಕು, ಬಾಲ್ಯ ಕಳೆದುಹೋಗಿದೆ. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋದರೆ ಹಳ್ಳಿಯ ಬದುಕೆಲ್ಲ ಸಿಮೆಂಟಿನಲ್ಲಿ ನಿಂತಿದೆ: ಎತ್ತು, ಎಮ್ಮೆ, ಒಕ್ಕಲುಮಕ್ಕಳು, ಕಟ್ಟೆಯ ಮೇಲಿನ ಹಿರಿಯರು. ಅವನ್ನೇ ತೆಗೆದು, ಕಂದು ಬಣ್ಣ ಕೊಟ್ಟು, ಗೀರು ಬಿದ್ದ ಹಳೇ ರೀಲಿನ ಎಫೆಕ್ಟು ಹಾಕಿ "ಅಂದಿನ ನಮ್ಮೂರು" ಎಂದು ಬಿಡುತ್ತಾನೆ. ಪೆಂಡಾಲಿನಲ್ಲಿ ಮುದುಕರೊಬ್ಬರು ಒಂದು ಶಿಲ್ಪವನ್ನು ತಮ್ಮ ದೊಡ್ಡಪ್ಪ ಎಂದು ಗುರುತಿಸಿದರು. ನಡುವೆ ಬಂಕಾಪುರ ಕೋಟೆಯ ನವಿಲು ಒಮ್ಮೆ ಕೂಗುತ್ತದೆ. ಆಮೇಲೆ ಶಿಶುನಾಳ. ಷರೀಫರು ಸ್ವತಃ ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರು, ಗೋವಿಂದ ಭಟ್ಟರಂಥ ಗುರುವಿಗೆ ತಕ್ಕ ಶಿಷ್ಯರು. ಗುರುವಂದನೆಗೆ ಇದಕ್ಕಿಂತ ದೊಡ್ಡ ಜೋಡಿ ಈ ಸೀಮೆಯಲ್ಲಿಲ್ಲ. ಡೈರೆಕ್ಟರು ಆ ಜೋಡಿಯ ಚಿತ್ರದ ಪಕ್ಕದಲ್ಲೇ ಪಿಟಿ ಮಾಸ್ತರರನ್ನೂ ತನ್ನನ್ನೂ ಇಟ್ಟದ್ದು ಮಾತ್ರ ಸ್ವಲ್ಪ ಹೆಚ್ಚಾಯಿತು.

ಹಿರೇಕೆರೂರಿನವನು ಮದಗ-ಮಾಸೂರು ಕೆರೆಯ ಕೋಡಿ ಬೀಳುವುದನ್ನು ಸ್ಲೋ ಮೋಷನ್ನಿನಲ್ಲಿ ತೋರಿಸುತ್ತಾನೆ. ಅವನ ನಿಜವಾದ ಬಲ ಅಡಿಬರಹದಲ್ಲಿದೆ. ಸರ್ವಜ್ಞನ ಊರೆಂದು ಹೇಳುವ ಅಬಲೂರಿನ ತಾಲ್ಲೂಕಿನವನು, ಯಾವ ಮಾತಿನ ಕೊನೆಗೂ "ಸರ್ವಜ್ಞ" ಎಂದು ಸೇರಿಸಿದರೆ ಅದು ತ್ರಿಪದಿಯಾಗುತ್ತದೆಂದು ನಂಬಿದ್ದಾನೆ. ಊಟಕ್ಕೆ ಅಕ್ಕಿ ಕೊಟ್ಟವರ ಫೋಟೋದ ಕೆಳಗೆ ಅವರ ರೈಸ್‌ಮಿಲ್ಲಿನ ವಿಳಾಸ, ಎರಡು ಮೊಬೈಲ್ ನಂಬರು, ಸರ್ವಜ್ಞ.

ಅಕ್ಷರಗಳ ಪಾಡನ್ನು ಕೇಳುವುದೇ ಬೇಡ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಹೊಡೆಸಿದ್ದು ಮೊಬೈಲಿಗೆ ಬಂದರೆ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಮೊಬೈಲಿನಲ್ಲೇ ಒತ್ತಿದ್ದು ಆ್ಯಪಿಗೆ ಹೋದರೆ ಒತ್ತಕ್ಷರಗಳು ಮುರಿದು ಪಕ್ಕಕ್ಕೆ ಬೀಳುತ್ತವೆ. "ವಿದ್‌ಯಾರ್‌ಥಿಗಳು" ಎಂದು ಪರದೆಯ ಮೇಲೆ ಬಂದಾಗ ಮುಂದಿನ ಸಾಲಿನ ಕನ್ನಡ ಮಾಸ್ತರರು ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನಿಗೆ ಕೈಹಾಕುತ್ತಾರೆ.

ಇಷ್ಟಾದರೂ ಡೈರೆಕ್ಟರ ಅಸಲಿ ಕೆಲಸ ಇನ್ನೂ ಹೇಳಲಿಲ್ಲ. ಅದು ಸೆಕೆಂಡು ಹಂಚುವುದು. ವಿಡಿಯೋ ಹನ್ನೆರಡು ನಿಮಿಷ ಮೀರಬಾರದು, ಮೀರಿದರೆ ಜನ ಮಿರ್ಚಿ ಕಡೆ ಎದ್ದು ಹೋಗುತ್ತಾರೆ. ಆ ಹನ್ನೆರಡು ನಿಮಿಷವನ್ನು ಅವನು ತಾಲ್ಲೂಕು ಪಂಚಾಯ್ತಿ ಅನುದಾನದಂತೆ ಹಂಚುತ್ತಾನೆ. ಸಾಮಾನ್ಯ ಸದಸ್ಯನಿಗೆ ಮೂರು ಸೆಕೆಂಡು. ಬೆಂಗಳೂರಿನಿಂದ ದೇಣಿಗೆ ಕಳಿಸಿದವನಿಗೆ ಎಂಟು. ಪೆಂಡಾಲು ಹಾಕಿಸಿದವನಿಗೆ ಹತ್ತು, ಹಿಂದೆ ಡೊಳ್ಳು. ದೇಣಿಗೆ ಕೊಡುತ್ತೇನೆಂದು ಹೇಳಿ ಕೊಡದವನ ಮುಖ ಇನ್ನೊಬ್ಬನ ಮುಖಕ್ಕೆ ಕರಗುವ ಹೊತ್ತಿನಲ್ಲಿ ಮಿಂಚಿ ಮಾಯ. ರಾತ್ರಿ ಹನ್ನೊಂದಕ್ಕೆ ಫೋನು ಬರುತ್ತವೆ.

"ದೋಸ್ತ, ನಂದು ಎಷ್ಟ ಇಟ್ಟಿ?"

"ಎಲ್ಲಾರದೂ ಮೂರ ಐತಪಾ."

"ಅವಂದು ಐದ ಐತಂತಲ್ಲ?"

"ಅಂವ ಸತ್ತಾನಲೇ. ದೀಪ ಹಚ್ಚೂದು ಎರಡು ಸೆಕೆಂಡ್ ಹಿಡೀತೈತಿ."

ಆ ಕಡೆಯವನು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ತನಗೆ ಮೂರೇ ಸಾಕು ಎಂದು ಫೋನು ಇಡುತ್ತಾನೆ.

ಪ್ರದರ್ಶನದ ದಿನ ಮಧ್ಯಾಹ್ನ ಹನ್ನೆರಡರ ಬಿಸಿಲು. ಪೆಂಡಾಲಿನ ಬಟ್ಟೆ ಹಳದಿ, ಪ್ರೊಜೆಕ್ಟರಿನ ಬೆಳಕೂ ಹಳದಿ. ಪರದೆಯ ಮೇಲೆ ಏನೋ ಓಡಾಡುತ್ತಿದೆ ಎಂಬುದಷ್ಟೇ ಖಾತ್ರಿ. ಹಾಡು ಮಾತ್ರ ಜೋರಾಗಿದೆ. ನೋಡಬೇಕಾದದ್ದು ಪರದೆಯನ್ನಲ್ಲ, ಕುಂತವರನ್ನು. ಪ್ರತಿಯೊಬ್ಬನೂ ತನ್ನ ಮುಖ ಬರುವವರೆಗೆ ಉಸಿರು ಬಿಗಿಹಿಡಿದಿದ್ದು, ಬಂದು ಹೋದ ಮೇಲೆ ಪಕ್ಕದವನ ಕಡೆ ತಿರುಗಿ ಮಾತಿಗೆ ಶುರುಮಾಡುತ್ತಾನೆ. ಕೊನೆಯಲ್ಲಿ ಬರುವವರ ಪಾಡು ಕಷ್ಟ. ಆ ಹೊತ್ತಿಗೆ ಅಡುಗೆಯವನು ಹುಗ್ಗಿಗೆ ತುಪ್ಪ ಬಿಟ್ಟಿರುತ್ತಾನೆ. ವಿಡಿಯೋ ಮುಗಿದಾಗ ಎದ್ದು ನಿಂತು ಕೈಮುಗಿಯುವ ಡೈರೆಕ್ಟರಿಗೆ ಕಾಣುವುದು ಪಂಕ್ತಿಯ ಕಡೆ ಹೊರಟ ಬೆನ್ನುಗಳು.

ಅದಕ್ಕೆಲ್ಲ ಬೇಸರ ಮಾಡಿಕೊಳ್ಳುವ ಜಾತಿ ಅವನದಲ್ಲ. ವಾರ ಕಳೆಯುವುದರೊಳಗೆ ಬೇರೆ ಬ್ಯಾಚಿನವರು ಹುಡುಕಿಕೊಂಡು ಬರುತ್ತಾರೆ. ಹಾನಗಲ್ಲಿನ ಡೈರೆಕ್ಟರಿಗೆ ಹಿರೇಕೆರೂರು ತಾಲ್ಲೂಕಿನಲ್ಲಿರುವ ಮಾವನ ಊರಿನಿಂದ ಕರೆ ಬಂತು: ಗುರುವಂದನೆಗೆ ನಾಲ್ಕು ದಿನ ಇದೆ, ನಿಂತ ಕಾಲ ಮೇಲೆ ಒಂದು ಮಾಡಿಕೊಡಿ ಅಳಿಯಂದ್ರ. ಹೊಸದಾಗಿ ಮಾಡಲು ಪುರಸೊತ್ತೆಲ್ಲಿ? ಹಳೆಯದನ್ನೇ ಬಿಚ್ಚಿ ಗುಡಿ ತೆಗೆದು ಕೆರೆ ಹಾಕಿದ, ತಾಲ್ಲೂಕಿನ ಹೆಸರು ತಿದ್ದಿದ, ಹುಡುಗರನ್ನು ಬದಲಿಸಿದ. ಅವಸರದಲ್ಲಿ ಹಾನಗಲ್ಲಿನ ಗಣಿತದ ಮಾಸ್ತರರೊಬ್ಬರು, ಗೆದ್ದಲು ತಿಂದ ಭುಜದ ಸಮೇತ, ಆರು ಸೆಕೆಂಡು ಹಾಗೇ ಉಳಿದುಬಿಟ್ಟರು. ಆ ಊರಿನ ಪೆಂಡಾಲಿನಲ್ಲಿ ಅವರ ಮುಖ ಬಂದದ್ದೇ ತಡ ಸಿಳ್ಳೆ ಬಿತ್ತು, ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಪಕ್ಕದವನಿಗೆ ಹೇಳಿದ:

"ಭಾಳ ಹೊಡೀತಿದ್ರಪಾ ಈ ಸರ್ರು."